ಅತಿಥಿಗೆ ಯಾವ ಹೋಟೆಲನ್ನು ತೋರಿಸುವಿರಿ?

ಬೇಸಿಗೆಯ ರಜೆ ಬಂತೆಂದರೆ ಊರಿನಿಂದ ಮುಂಬಯಿಗೆ ನಮ್ಮ ಬಂಧುಬಾಂಧವರ ಆಗಮನ ಮೊದಲಾಗುತ್ತದೆ. ಚೌಪಾಟಿ, ಮಹಾಲಕ್ಷ್ಮಿ, ಗೇಟ್‌ವೇಗಳ ದರ್ಶನ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ಈ ಪಟ್ಟಣದಲ್ಲಿ ನೆನಪಿನಲ್ಲಿ ಉಳಿಯುವಂಥ ಊಟ ಎಲ್ಲಿ ದೊರೆಯುತ್ತದೆ? ಅನ್ನದ ಉದ್ಯೋಗದಿಂದಲೇ ಈ ನಗರದಲ್ಲಿ ಕಾಲೂರಿದ ನಮ್ಮವರು ಇದಕ್ಕೆ ಉತ್ತರ ಹೇಳಲು ತಡವರಿಸುವುದು ಶೋಭಿಸುವ ಮಾತಲ್ಲ. ಬಹುಮಂದಿ ಅತಿಥಿಯನ್ನು ಮೊಬೈಲಿನಲ್ಲಿ ಹೆಚ್ಚು ನಕ್ಷತ್ರ ಗಳಿಸಿದ ಯಾವುದೋ ಹವಾನಿಯಂತ್ರಿತ ಭೋಜನಶಾಲೆಗೆ ಕರೆದೊಯ್ದು ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಅಲ್ಲಿ ದೊರೆಯುವ ಊಟ ಬೆಂಗಳೂರಿನಲ್ಲಿಯೂ ದೊರೆಯುತ್ತದೆ, ದಿಲ್ಲಿಯಲ್ಲಿಯೂ ದೊರೆಯುತ್ತದೆ.

ಸ್ಮರಣೀಯವಾದ ಹೋಟೆಲು ತನ್ನ ಕೇರಿಯ ಜನರಿಗಾಗಿ ಹುಟ್ಟಿದ್ದು. ಒಂದೆರಡು ತಿನಿಸುಗಳನ್ನು ತಲೆಮಾರುಗಳ ಕಾಲ ತಪ್ಪದೆ ಮಾಡಿಕೊಂಡು ಬಂದದ್ದು. ಧೋಬಿ ತಲಾವಿನ ಕಯಾನಿ ಕಂಪೆನಿ 1904ರದು. ಬನ್ ಮಸ್ಕಾ, ಇರಾನಿ ಚಹಾಗಳಿಗಾಗಿ ಜನರು ಇಂದಿಗೂ ಅಲ್ಲಿಗೆ ಹೋಗುತ್ತಾರೆ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರಲ್ಲಿ ಆರಂಭವಾದದ್ದು. ಅದರ ಕೀರ್ತಿ ನಿಂತಿರುವುದು ಬೆರ್ರಿ ಪುಲಾವಿನ ಮೇಲೆ. ಇರಾನಿಗಳೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದವರೆಂಬುದನ್ನು ನಾವು ಮರೆಯಬಾರದು.

ಮರಾಠಿ ಜನರ ಖಾನಾವಳಿಗಳ ಹಿರಿಮೆಯೂ ಕಡಿಮೆಯದಲ್ಲ. ಗಿರಣಗಾಂವಿನ ಗಿರಣಿ ಕಾರ್ಮಿಕರಿಗೆ ಮನೆಮನೆಯಲ್ಲಿ ಅಡಿಗೆ ಮಾಡಿ ಬಡಿಸಿದವರು ಬಡ ಹೆಂಗಸರು. ಅವರನ್ನು ಸಂಘಟಿಸಲು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಗಿರಗಾಂವ, ದಾದರಗಳ ಉಪಾಹಾರ ಗೃಹಗಳಲ್ಲಿ ಥಾಲಿಪೀಠ, ಮಿಸಳ್, ಕೊತ್ತಂಬರಿ ವಡಿಗಳ ರುಚಿ ಇಂದಿಗೂ ಉಳಿದಿದೆ.

ಇಂಥ ಸ್ಥಳಗಳನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಮಧ್ಯಾಹ್ನ ಒಂದು ಗಂಟೆಗೆ ಆ ಕೇರಿಯ ಗುಮಾಸ್ತರು ಎಲ್ಲಿ ಸಾಲು ನಿಲ್ಲುತ್ತಾರೆಂಬುದನ್ನು ನೋಡಿರಿ. ಟ್ಯಾಕ್ಸಿ ಚಾಲಕನನ್ನು, ಅಂಚೆಯಣ್ಣನನ್ನು, ಅಂಗಡಿಯ ಆಳನ್ನು ಕೇಳಿರಿ, ಆದರೆ "ದೊಡ್ಡ ಹೋಟೆಲು ಯಾವುದು?" ಎಂದು ಕೇಳದೆ, "ನೀವು ಎಲ್ಲಿ ಉಣ್ಣುತ್ತೀರಿ?" ಎಂದು ಕೇಳಿರಿ. ತಿನಿಸುಗಳ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಪಕ್ಕದ ಮೇಜಿನವರು ತಿನ್ನುತ್ತಿರುವುದನ್ನೇ ತರಿಸಿರಿ. ಹೆಚ್ಚು ಖರ್ಚಾಗುವ ತಿನಿಸು ಒಲೆಯಿಂದ ಬಿಸಿಬಿಸಿಯಾಗಿ ಬರುತ್ತದೆ. ಅಪರೂಪಕ್ಕೆ ಕೇಳುವ ತಿನಿಸು ಶೀತಪೆಟ್ಟಿಗೆಯಿಂದ ಬಂದೀತು. ಈ ಮರ್ಮ ಅಡಿಗೆಮನೆಯಲ್ಲಿ ದುಡಿಯುವ ನಮ್ಮ ವಾಚಕರಿಗಿಂತ ಚೆನ್ನಾಗಿ ಬಲ್ಲವರಾರು?

ಇನ್ನು ನಮ್ಮವರ ಹೋಟೆಲುಗಳ ಮಾತು. ಎ. ರಾಮ ನಾಯಕರು 1942ರಲ್ಲಿ ಮಾಟುಂಗ ರೈಲು ನಿಲ್ದಾಣದ ಬಳಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆಯ ಊಟಕ್ಕೆ ಪರಭಾಷಿಕರೂ ದೂರದಿಂದ ಬಂದು ಸರದಿ ಕಾಯುತ್ತಾರೆ. ಆದರೆ ನಮ್ಮ ಅನೇಕ ಹೋಟೆಲುಗಳ ಪಟ್ಟಿಯಲ್ಲಿ ಇಂದು ಪಂಜಾಬಿ, ಚೀನೀ, ಪಾವ್‌ಭಾಜಿ ಎಲ್ಲವೂ ಇವೆ. ನೀರುದೋಸೆ, ಪತ್ರೊಡೆಗಳಿಗೆ ಮಾತ್ರ ಸ್ಥಳವಿಲ್ಲ. ಬಾಡಿಗೆ ಏರಿದೆ, ಗಿರಾಕಿ ಎಲ್ಲವನ್ನೂ ಕೇಳುತ್ತಾನೆ ಎಂಬ ಮಾಲಕರ ಅಳಲು ಸುಳ್ಳಲ್ಲ. ಆದರೂ ನೂಡಲ್ಸ್ ತಿನ್ನಲು ನಮ್ಮಲ್ಲಿಗೆ ಊರಾಚೆಯಿಂದ ಯಾರು ಬಂದಾರು? ಎಲ್ಲ ಕಡೆಯೂ ಸಿಗುವುದನ್ನು ಮಾರುವವನು ಬೆಲೆಯಲ್ಲಿ ಮಾತ್ರ ಸ್ಪರ್ಧಿಸಬೇಕಾಗುತ್ತದೆ. ಆ ಸ್ಪರ್ಧೆಯ ಪೆಟ್ಟು ಮೊದಲು ಬೀಳುವುದು ಕಾರ್ಮಿಕನ ಸಂಬಳದ ಮೇಲೆ. ಆದುದರಿಂದ ಪ್ರತಿಯೊಬ್ಬ ಮಾಲಕನೂ ಊರಿನ ಒಂದು ತಿನಿಸನ್ನಾದರೂ ತನ್ನ ಹೆಗ್ಗುರುತಾಗಿ ಉಳಿಸಿಕೊಳ್ಳಲಿ; ಅದನ್ನು ಮಾಡಬಲ್ಲ ಭಟ್ಟನಿಗೆ ತಕ್ಕ ವೇತನ ಕೊಟ್ಟು ಉಳಿಸಿಕೊಳ್ಳಲಿ. ಅವನು ಬಿಟ್ಟುಹೋದ ದಿನ ನಾಮಫಲಕ ಉಳಿದೀತು, ರುಚಿ ಉಳಿಯದು.

ಇಪ್ಪತ್ತು ವರ್ಷ ಈ ನಗರಕ್ಕೆ ಬಡಿಸಿಯೂ ಇನ್ನೊಬ್ಬರ ಹೋಟೆಲಿನಲ್ಲಿ ಗಿರಾಕಿಯಾಗಿ ಕುಳಿತು ಉಣ್ಣದ ಸೋದರರು ನಮ್ಮಲ್ಲಿ ಹಲವರಿದ್ದಾರೆ. ವಾರದ ರಜೆ ಅವರ ಹಕ್ಕು. ಆ ದಿನ ಒಂದು ಹೊಸ ಕೇರಿಗೆ ಹೋಗಿ ಒಂದು ಹೊತ್ತು ಉಂಡು ಬರಲಿ. ಮುಂದಿನ ಸಲ ಊರಿನಿಂದ ಅತಿಥಿ ಬಂದಾಗ ಬೆಳಿಗ್ಗೆ ಇರಾನಿಯವನಲ್ಲಿ ಚಹಾ, ಮಧ್ಯಾಹ್ನ ನಮ್ಮವರ ಎಲೆಯೂಟ, ಸಂಜೆ ದಾದರಿನ ಥಾಲಿಪೀಠ ಎಂದು ಧೈರ್ಯವಾಗಿ ಹೇಳಲಿ. ಈ ಪಟ್ಟಣವನ್ನು ಬಲ್ಲ ಪೌರನಂತೆ ಅತಿಥಿಯನ್ನು ನಡೆಸಿಕೊಂಡು ಹೋಗುವ ಅಧಿಕಾರವನ್ನು ಅವರು ತಮ್ಮ ದುಡಿಮೆಯಿಂದಲೇ ಸಂಪಾದಿಸಿದ್ದಾರೆ.