ಪ್ರವೇಶದ ಲೆಕ್ಕ ಸಾಕು, ಪದವಿಯ ಲೆಕ್ಕ ಕೊಡಿ

ಜೂನ್ ತಿಂಗಳು ಬಂತೆಂದರೆ ನಮ್ಮ ಊರುಗಳ ಶಾದಿಮಹಲ್‌ಗಳಲ್ಲಿ ಪ್ರತಿಭಾ ಪುರಸ್ಕಾರಗಳ ಸಾಲು ಆರಂಭವಾಗುತ್ತದೆ. ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ಪೋಷಕರಿಗೆ ಮುಂದಿನ ಸಾಲಿನಲ್ಲಿ ಆಸನ, ಗಣ್ಯರಿಂದ ಹಿತವಚನ. ಸಮುದಾಯ ಎಚ್ಚೆತ್ತಿದೆ, ಕಾಲೇಜು ಸೇರುವವರು ಹೆಚ್ಚಿದ್ದಾರೆ ಎಂಬ ಮಾತಿಗೆ ಕರತಾಡನ. ಈ ಸಂತೋಷವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ವೇದಿಕೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ: ಮೂರು ವರ್ಷಗಳ ಹಿಂದೆ ಇಲ್ಲಿಯೇ ಶಾಲು ಹೊದ್ದು ಇಳಿದವರಲ್ಲಿ ಎಷ್ಟು ಮಂದಿ ಇಂದು ಪದವೀಧರರಾಗಿದ್ದಾರೆ?

ಉತ್ತರ ಸಂಘಟಕರ ಬಳಿ ಇಲ್ಲ, ಮಸೀದಿ ಕಮಿಟಿಯ ಬಳಿ ಇಲ್ಲ. ಪ್ರವೇಶವನ್ನು ಎಣಿಸುವ, ಪದವಿಯನ್ನು ಎಣಿಸದ ಈ ರೂಢಿ ನಮ್ಮ ಮಕ್ಕಳಿಗೆ ಎಸಗುತ್ತಿರುವ ಅನ್ಯಾಯ ಎಂಬುದು ನಮ್ಮ ಆರೋಪ. ಈ ಆರೋಪ ಸರಕಾರದ ಮೇಲೂ ಇದೆ, ನಮ್ಮ ಮೇಲೂ ಇದೆ.

ಮೊದಲು ಸರಕಾರದ ಲೆಕ್ಕವನ್ನು ನೋಡೋಣ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳು ಸುಮಾರು 21 ಲಕ್ಷ. ಒಟ್ಟು ವಿದ್ಯಾರ್ಥಿಗಳಲ್ಲಿ ಶೇ. 5.5. ಮರುವರ್ಷ ಅದು 19.2 ಲಕ್ಷಕ್ಕೆ, ಶೇ. 4.6ಕ್ಕೆ ಕುಸಿಯಿತು. 2021-22ರಲ್ಲಿ ಸಂಖ್ಯೆ ಮತ್ತೆ 21 ಲಕ್ಷ ದಾಟಿತಾದರೂ ಪಾಲು ಶೇ. 5ನ್ನು ತಲುಪಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ ಶೇ. 14.2. ಈ ಅಂತರವೇ ಸಾಕಷ್ಟು ನೋವಿನದು. ಆದರೆ ಈ ಅಂಕಿಗಳು ಹೇಳುವುದು ಆಯಾ ವರ್ಷ ಕಾಲೇಜಿನ ದಾಖಲೆಯಲ್ಲಿ ಹೆಸರಿದ್ದವರನ್ನು ಮಾತ್ರ. ಒಂದೇ ತಂಡದ ಮಕ್ಕಳನ್ನು ಪ್ರವೇಶದಿಂದ ಪದವಿಯವರೆಗೆ ಹಿಂಬಾಲಿಸಿ, ಇಷ್ಟು ಮುಸ್ಲಿಮರು ಒಳಬಂದರು, ಇಷ್ಟು ಮಂದಿ ಮುಗಿಸಿದರು ಎಂದು ಅವು ಹೇಳುವುದಿಲ್ಲ.

2006ರಲ್ಲಿ ಸಾಚಾರ್ ಸಮಿತಿ ಈ ಸೋರಿಕೆಯ ಸುಳಿವು ನೀಡಿತ್ತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳ ಪೈಕಿ 25ರಲ್ಲಿ ಒಬ್ಬರು, ಸ್ನಾತಕೋತ್ತರ ವಿದ್ಯಾರ್ಥಿಗಳ ಪೈಕಿ 50ರಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ಅದು ವರದಿ ಮಾಡಿತು. ಒಂದು ಮೆಟ್ಟಿಲು ಏರುವಷ್ಟರಲ್ಲಿ ಪಾಲು ಅರ್ಧಕ್ಕಿಳಿದಿತ್ತು. ಆ ಎಚ್ಚರಿಕೆಯ ಬಳಿಕವೂ ಸರಕಾರಗಳ ಗುರಿಗಳು ಪ್ರವೇಶದ ಸುತ್ತಲೇ ಸುತ್ತಿದವು. 2035ರೊಳಗೆ ದಾಖಲಾತಿಯ ಪ್ರಮಾಣವನ್ನು ಶೇ. 50ಕ್ಕೆ ಏರಿಸುವುದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಅದೇ ನೀತಿ ಒಂದು ವರ್ಷಕ್ಕೆ ಬಿಟ್ಟವರಿಗೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಬಿಟ್ಟವರಿಗೆ ಡಿಪ್ಲೊಮಾ ಎಂದಿತು. ಅನುಕೂಲಸ್ಥರಿಗೆ ಇದು ಆಯ್ಕೆಯಾಗಿರಬಹುದು. ಶುಲ್ಕ ಕಟ್ಟಲಾಗದೆ ಹೊರಬಿದ್ದ ಬಡವನ ಮಗನಿಗೆ ಇದು ಸೋಲಿಗೆ ಹಚ್ಚಿದ ಬಣ್ಣ. ಕರ್ನಾಟಕವು 2021-22ರಲ್ಲಿ ಈ ವ್ಯವಸ್ಥೆಯನ್ನು ಒಪ್ಪಿ, 2024ರಲ್ಲಿ ಮೂರು ವರ್ಷಗಳ ಪದವಿಗೆ ಮರಳಿತು. ಅರ್ಧದಾರಿಯಲ್ಲಿ ನಿಂತವರು ಯಾರು ಎಂಬ ಚರ್ಚೆ ಮಾತ್ರ ನಡೆಯಲಿಲ್ಲ.

ಅವರು ನಿಂತುದೇಕೆ? ನೆರವುಗಳು ಒಂದೊಂದಾಗಿ ಕಳಚಿದವು. 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಸಂಶೋಧನಾ ಫೆಲೋಶಿಪ್ಪನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಲೋಕಸಭೆಗೆ ತಿಳಿಸಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಫೆಬ್ರವರಿ 5ರ ಸಮವಸ್ತ್ರದ ಆದೇಶ ಬಂತು; ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು; ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯಗಳಲ್ಲಿ ವಾದ ನಡೆಯುತ್ತಿದ್ದಾಗ ಗೇಟಿನ ಹೊರಗೆ ನಿಂತಿದ್ದ ಹೆಣ್ಣುಮಕ್ಕಳು ದಾಖಲೆಯ ಪ್ರಕಾರ ‘ವಿದ್ಯಾರ್ಥಿನಿಯರೇ’ ಆಗಿದ್ದರು! ದಾಖಲಾತಿಯ ಅಂಕಿ ಎಷ್ಟು ಸುಳ್ಳು ಹೇಳಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮಗಳಿಗೆ ಒಳ್ಳೆಯ ಸಂಬಂಧ ಬಂತೆಂದು ನಾಲ್ಕನೇ ಸೆಮಿಸ್ಟರ್‌ನಲ್ಲಿ ಓದು ನಿಲ್ಲಿಸಿದವರು ಯಾರು? ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಮಗನಿಗೆ ಮರುಪರೀಕ್ಷೆಯ ಶುಲ್ಕ ಕೊಡುವ ಬದಲು ಗಲ್ಫಿನ ವೀಸಾ ಹುಡುಕಿದವರು ಯಾರು? ನಮ್ಮ ದಾನಿಗಳು ರಮಝಾನಿನಲ್ಲಿ ಮೊದಲ ವರ್ಷದ ಶುಲ್ಕವನ್ನು ಉದಾರವಾಗಿ ಕೊಡುತ್ತಾರೆ. ಎರಡನೆಯ ವರ್ಷ ಅದೇ ಹುಡುಗ ಬಾಗಿಲಿಗೆ ಬಂದರೆ ‘ಕಳೆದ ಬಾರಿ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. ನೆರವಿನ ಬಹುಪಾಲು ವೈದ್ಯಕೀಯ, ಇಂಜಿನಿಯರಿಂಗ್‌ಗೆ ಮೀಸಲು. ಬಿ.ಎ., ಬಿ.ಕಾಂ. ಓದುವ ಗುಜರಿ ವ್ಯಾಪಾರಿಯ ಮಗ, ಬೀಡಿ ಕಟ್ಟುವ ತಾಯಿಯ ಮಗಳು ಯಾರ ಪಟ್ಟಿಯಲ್ಲೂ ಇಲ್ಲ.

‘ಪದವಿ ಪಡೆದವರಿಗೇ ಕೆಲಸವಿಲ್ಲ, ಅರ್ಧಕ್ಕೆ ಬಿಟ್ಟರೆ ನಷ್ಟವೇನು?’ ಎಂದು ಕೇಳುವವರಿದ್ದಾರೆ. ನಷ್ಟ ಇದೆ. ಬ್ಯಾಂಕಿನ ಗುಮಾಸ್ತ ಹುದ್ದೆಯಿಂದ ಕೆ.ಎ.ಎಸ್.ವರೆಗೆ ಅರ್ಜಿ ಕೇಳುವುದು ಪದವಿಯನ್ನು, ಕಳೆದ ಎರಡು ವರ್ಷಗಳನ್ನಲ್ಲ. ಅರ್ಧಕ್ಕೆ ಬಿಟ್ಟವನು ಶುಲ್ಕವನ್ನೂ ಕಳೆದುಕೊಂಡ, ಆ ವರ್ಷಗಳ ದುಡಿಮೆಯನ್ನೂ ಕಳೆದುಕೊಂಡ. ಜೊತೆಗೆ ‘ನನ್ನಿಂದಾಗದು’ ಎಂಬ ನಂಬಿಕೆಯನ್ನು ಮನೆಗೆ ತಂದ. ಅದನ್ನು ತಮ್ಮಂದಿರೂ ಕಲಿಯುತ್ತಾರೆ.

ಮದ್ರಸಾದ ಚಾಪೆಯ ಮೇಲೆ ಕಲಿತು ಬಂದ ನಮಗೆ ಅಲ್ಲಿನ ಒಂದು ಪದ್ಧತಿ ನೆನಪಾಗುತ್ತದೆ. ಹಿಫ್ಝ್ ತರಗತಿಗೆ ಸೇರಿದ ದಿನ ಯಾರನ್ನೂ ಹಾಫಿಝ್ ಎಂದು ಕರೆಯುವುದಿಲ್ಲ. ಮೂವತ್ತನೆಯ ಜುಝ್ ಒಪ್ಪಿಸಿದ ಬಳಿಕವೇ ಆ ಗೌರವ. ನಡುವೆ ಹುಡುಗ ಮೂರು ದಿನ ಕಾಣದಿದ್ದರೆ ಉಸ್ತಾದರು ಮನೆಗೇ ಹೇಳಿ ಕಳುಹಿಸುತ್ತಾರೆ. ಪ್ರವೇಶಕ್ಕಲ್ಲ, ಪೂರ್ಣಗೊಳಿಸುವಿಕೆಗೆ ಮನ್ನಣೆ, ಕಾಣೆಯಾದವನ ವಿಚಾರಣೆ. ಇದು ನಮ್ಮದೇ ಪರಂಪರೆ. ಕಾಲೇಜಿಗೆ ಹೋಗುವ ಮಕ್ಕಳ ವಿಷಯದಲ್ಲಿ ಇದನ್ನೇಕೆ ಮರೆತೆವು?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ರಾಷ್ಟ್ರೀಯ ಶ್ರೇಯಾಂಕದಲ್ಲಿ, ಅಂದರೆ ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸುವ ಸಂಸ್ಥೆಗಳು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಮುಗಿಸಿದರು ಎಂಬ ಅಂಕಿಗಳನ್ನು ಸಲ್ಲಿಸುತ್ತವೆ. ಸೀಟು ಪಡೆಯುವ ಮುನ್ನ ಪೋಷಕರು ಈ ಅಂಕಿಗಳನ್ನು ಕೇಳಿ ಪಡೆಯಬೇಕು. ಈ ಲೆಕ್ಕ ಎಲ್ಲ ಕಾಲೇಜುಗಳಿಗೂ ಕಡ್ಡಾಯವಾಗಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಲೆಕ್ಕ ಪ್ರತ್ಯೇಕವಾಗಿ ಪ್ರಕಟವಾಗಬೇಕು. ವಿದ್ಯಾರ್ಥಿವೇತನವು ಮುಂದಿನ ವರ್ಷದ ಶುಲ್ಕ ಕಟ್ಟುವ ದಿನಾಂಕಕ್ಕೆ ಮೊದಲು ಕೈಸೇರಬೇಕು.

ಅದಕ್ಕಾಗಿ ಕಾಯದೆ ಪ್ರತಿ ಜಮಾಅತ್ ಒಂದು ನೋಟುಪುಸ್ತಕ ಇಡಲಿ. ಮೊಹಲ್ಲಾದಿಂದ ಕಾಲೇಜು ಸೇರಿದ ಪ್ರತಿಯೊಂದು ಮಗುವಿನ ಹೆಸರನ್ನು ಬರೆದು, ಪ್ರತಿ ಸೆಮಿಸ್ಟರ್ ವಿಚಾರಿಸಲಿ. ದಾನಿಗಳು ಹತ್ತು ಮಂದಿಗೆ ಒಂದು ವರ್ಷ ಕೊಡುವ ಬದಲು ಮೂರು ಮಂದಿಗೆ ಪದವಿಯವರೆಗೆ ಕೊಡಲಿ. ಮುಂದಿನ ಪುರಸ್ಕಾರ ಸಭೆಯಲ್ಲಿ ರ‍್ಯಾಂಕ್ ಪಡೆದವರ ಪಕ್ಕದಲ್ಲಿ, ಎರಡು ಬಾರಿ ಬಿದ್ದು ಮೂರನೆಯ ಬಾರಿ ಎದ್ದು ಪದವಿ ಮುಗಿಸಿದ ಹುಡುಗಿಗೂ ಒಂದು ಕುರ್ಚಿ ಇರಲಿ.

ಪ್ರವೇಶ ಪಡೆದ ಮಗು ನಮ್ಮ ಕೈಯಲ್ಲಿರುವ ಅಮಾನತ್. ಅಮಾನತನ್ನು ಪಡೆದಂದು ಸಂಭ್ರಮಿಸಿ, ದಾರಿಯಲ್ಲಿ ಕಳೆದುಕೊಂಡವರಿಗೆ ಉತ್ತರ ಹೇಳುವ ದಿನವೊಂದಿದೆ ಎಂಬುದನ್ನು ನಾವು ಮರೆಯದಿರೋಣ.