ಮಂದ್ರನಾದವೂ ನೆರೆಮನೆಯ ಗೋಡೆಯೂ

ಮನೆಯಲ್ಲಿ ಕುಳಿತು ಒಳ್ಳೆಯ ಸಂಗೀತವನ್ನು ಕೇಳುವ ಭಾಗ್ಯವು ಇಂದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಗುಮಾಸ್ತನೂ ಹೋಟೆಲಿನ ಕೆಲಸಗಾರನೂ ಕೆಲವು ತಿಂಗಳ ಉಳಿತಾಯದಿಂದ ಒಂದು ಜೊತೆ ಪುಟ್ಟ ಸ್ಪೀಕರುಗಳನ್ನು ಕೊಂಡು, ಕಪಾಟಿನ ಮೇಲಿರಿಸಿ, ದಿನದ ದಣಿವನ್ನು ನೀಗಿಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಕೆಲವು ದಿನ ಕಳೆಯುವಷ್ಟರಲ್ಲಿ, ಕಂಠವೇನೋ ಸ್ಪಷ್ಟವಾಗಿದೆ, ಮೃದಂಗಕ್ಕೆ ಮಾತ್ರ ಗಾಂಭೀರ್ಯವಿಲ್ಲವೆಂಬ ಕೊರಗು ಮೊದಲಾಗುತ್ತದೆ. ಅಂಗಡಿಯವನು ಸಬ್‌ವೂಫರ್ ಎಂಬ ಪೆಟ್ಟಿಗೆಯನ್ನು ಮುಂದಿಡುತ್ತಾನೆ. ಅದನ್ನು ಕೊಳ್ಳಬೇಕೆ, ಕೊಂಡರೆ ಹೇಗೆ ಬಳಸಬೇಕು ಎಂಬುದು ವಿಚಾರಾರ್ಹವಾದ ವಿಷಯ.

ಕೊರತೆಯಂತೂ ಕಲ್ಪಿತವಲ್ಲ. ನಾದವು ಒಂದು ಸ್ಥಾಯಿ ಕೆಳಗಿಳಿದರೆ, ಅದನ್ನು ಅಷ್ಟೇ ಬಲವಾಗಿ ಕೇಳಿಸಲು ಸ್ಪೀಕರು ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ನಾಲ್ಕೈದು ಅಂಗುಲದ ಕೋನಿಗೆ ಈ ಶಕ್ತಿ ಎಲ್ಲಿಂದ ಬರಬೇಕು? ಬಿ.ಬಿ.ಸಿ.ಯ ಇಂಜಿನಿಯರರು 1970ರ ದಶಕದಲ್ಲಿ ಬಾನುಲಿಯ ವಾಹನಗಳ ಇಕ್ಕಟ್ಟಿಗೆಂದು ರಚಿಸಿದ ಎಲ್‌ಎಸ್ 3/5ಎ ಎಂಬ ಪುಟ್ಟ ಸ್ಪೀಕರು ಮನುಷ್ಯಕಂಠದ ನಿಷ್ಠೆಗಾಗಿ ಇಂದಿಗೂ ಹೆಸರಾಗಿದೆ. ಅದು ಸಹ ಸುಮಾರು 70 ಹರ್ಟ್ಸಿನ ಕೆಳಗೆ ಸೊರಗುತ್ತದೆ. ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಖರಜದ ತಂತಿಯಾದರೋ ಸುಮಾರು 65 ಹರ್ಟ್ಸಿನಲ್ಲಿ ಮಿಡಿಯುತ್ತದೆ. ಅದರ ಮೇಲಿನ ಅಂಶಗಳನ್ನು ಕೇಳಿ ಕಿವಿಯು ಮೂಲಸ್ವರವನ್ನು ಊಹಿಸಿಕೊಳ್ಳುವುದೇನೋ ನಿಜ. ಆದರೆ ಊಹೆಯ ಊಟದಿಂದ ಹೊಟ್ಟೆ ತುಂಬುವುದಿಲ್ಲ.

ಆದುದರಿಂದ ಸಬ್‌ವೂಫರ್ ಕೇವಲ ಸಿನಿಮಾದ ಗುಡುಗಿಗೆಂದು ಹೇಳುವವರ ವಾದವನ್ನು ನಾವು ಒಪ್ಪಲಾರೆವು. ಆದರೆ ಅದು ಪುಟ್ಟ ಸ್ಪೀಕರುಗಳ ಸೇವಕನಾಗಿರಬೇಕೇ ಹೊರತು ಯಜಮಾನನಾಗಬಾರದು. ಕೈಯಲ್ಲಿ ಹಣ ಸಾಲದಿದ್ದರೆ ಮೊದಲು ಒಳ್ಳೆಯ ಸ್ಪೀಕರುಗಳನ್ನೇ ಕೊಳ್ಳುವುದು ಲೇಸು. ಸಬ್‌ವೂಫರನ್ನು ಮುಂದಿನ ವರ್ಷವೂ ಕೂಡಿಸಬಹುದು. ಕೊಂಡಾಗಲೂ ಚಿಕ್ಕ ಕೋಣೆಗೆ ಎಂಟು ಅಂಗುಲದ್ದು ಧಾರಾಳವಾಯಿತು.

ಜೋಡಿಸುವ ಕ್ರಮವು ಕಠಿಣವಲ್ಲ. ಕ್ರಾಸ್‌ಓವರನ್ನು 80 ಹರ್ಟ್ಸಿನ ಆಸುಪಾಸಿನಲ್ಲಿರಿಸಬೇಕು. ಅದರ ಕೆಳಗಿನ ನಾದವು ಯಾವ ದಿಕ್ಕಿನಿಂದ ಬರುತ್ತಿದೆಯೆಂಬುದನ್ನು ಕಿವಿ ಸುಲಭವಾಗಿ ಗುರುತಿಸಲಾರದು. ಆದಕಾರಣ ಪೆಟ್ಟಿಗೆ ಬದಿಗಿದ್ದರೂ ನಾದವೆಲ್ಲ ಮುಂದಿನ ಜೋಡಿಯಿಂದಲೇ ಬಂದಂತೆ ತೋರುತ್ತದೆ. ಇದಕ್ಕಿಂತ ಬಹಳ ಮೇಲಕ್ಕೇರಿಸಿದರೆ ಗಂಡುದನಿಯು ಮೂಲೆಯಿಂದ ಗೊಣಗತೊಡಗುತ್ತದೆ. ಆಂಪ್ಲಿಫೈಯರಿನಲ್ಲಿ ಅನುಕೂಲವಿದ್ದರೆ, ಪುಟ್ಟ ಸ್ಪೀಕರುಗಳಿಗೆ 80ರ ಮೇಲಿನದನ್ನಷ್ಟೇ ಕಳುಹಿಸಿ ಅವುಗಳ ಹೊರೆಯನ್ನು ಇಳಿಸುವುದು ಉತ್ತಮ. ಫೇಸ್ ಎಂಬ ಗುಂಡಿಯನ್ನು 0ಯಲ್ಲಿಯೂ 180ರಲ್ಲಿಯೂ ಇಟ್ಟು ಕೇಳಿ, ನಾದ ತುಂಬಿ ಬಂದ ಕಡೆ ನಿಲ್ಲಿಸಬೇಕು.

ಇನ್ನು ಕೋಣೆಯ ವಿಚಾರ. ಹತ್ತು ಅಡಿ ಉದ್ದದ ಕೋಣೆಯಲ್ಲಿ ಸುಮಾರು 56 ಹರ್ಟ್ಸಿನ ನಾದವು ಎದುರುಬದುರು ಗೋಡೆಗಳ ನಡುವೆ ಕಟ್ಟಿನಿಂತು, ಗೋಡೆಯ ಬಳಿ ಉಬ್ಬಿ, ನಟ್ಟನಡುವೆ ಅಡಗಿಹೋಗುತ್ತದೆ. ಮೂಲೆಯಲ್ಲಿರಿಸಿದ ಪೆಟ್ಟಿಗೆ ಇಂತಹ ಉಬ್ಬರವನ್ನು ಹೆಚ್ಚಿಸುತ್ತದೆ. ಇದಕ್ಕೊಂದು ಕಾಸಿಲ್ಲದ ಉಪಾಯವುಂಟು: ಸಬ್‌ವೂಫರನ್ನು ನೀವು ಕುಳಿತುಕೊಳ್ಳುವ ಜಾಗದಲ್ಲಿಟ್ಟು, ಗೋಡೆಯಂಚಿನುದ್ದಕ್ಕೂ ಬಗ್ಗಿ ನಡೆದು ಕೇಳಿರಿ, ಮಂದ್ರವು ಎಲ್ಲಿ ಸಮನಾಗಿ ಕೇಳಿಸುವುದೋ ಅಲ್ಲಿಯೇ ಅದರ ಸ್ಥಾನ.

ಆದರೆ ಮುಂಬಯಿಯಂತಹ ನಗರದಲ್ಲಿ ನಮ್ಮ ಗೋಡೆ ನಮ್ಮೊಬ್ಬರದೇ ಅಲ್ಲ. ಅದರಲ್ಲಿ ಅರ್ಧವು ನೆರೆಯವನದು. ತಾರನಾದವನ್ನು ತಡೆಯುವ ಗೋಡೆಯು ಮಂದ್ರವನ್ನು ಅಷ್ಟಾಗಿ ತಡೆಯದು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಮಿತಿಯನ್ನು ಗೊತ್ತುಮಾಡಿವೆ. ಆದರೆ ಅಲ್ಲಿ ಬಳಸುವ 'ಎ' ಮಾಪನವು 50 ಹರ್ಟ್ಸಿನ ನಾದವನ್ನು 30 ಡೆಸಿಬೆಲ್‌ನಷ್ಟು ತಗ್ಗಿಸಿ ಲೆಕ್ಕಹಾಕುತ್ತದೆ. ಮಾಪಕದ ಮುಳ್ಳು ಮಿತಿಯೊಳಗೇ ಇದ್ದರೂ ನೆರೆಯವನ ಮಂಚ ನಡುಗುತ್ತಿರಬಹುದು! ಕಾನೂನು ಸುಮ್ಮನಿದೆಯೆಂದು ನಮ್ಮ ಕರ್ತವ್ಯ ಮುಗಿಯಿತೆನ್ನಲಾದೀತೆ?

ರಾತ್ರಿಯ ಪಾಳಿ ಮುಗಿಸಿ ಬಂದು ಹಗಲಿನಲ್ಲಿ ಕಣ್ಣುಮುಚ್ಚುವ ಬಂಧುಗಳು ನಮ್ಮಲ್ಲಿ ಅನೇಕರು. ಅವರ ನಾಲ್ಕು ತಾಸಿನ ನಿದ್ರೆ ನಮ್ಮ ಅರ್ಧ ತಾಸಿನ ವಿನೋದಕ್ಕಿಂತ ದೊಡ್ಡದು. ಪೆಟ್ಟಿಗೆಯನ್ನು ಸಮಾನಗೋಡೆಯಿಂದ ದೂರವಿಡುವುದು, ಕೆಳಗೆ ದಪ್ಪ ರಬ್ಬರನ್ನು ಹಾಸುವುದು, ಹತ್ತರ ಅನಂತರ ಸಬ್‌ವೂಫರನ್ನು ಆರಿಸಿ ಪುಟ್ಟ ಸ್ಪೀಕರುಗಳಲ್ಲಿಯೇ ತೃಪ್ತರಾಗುವುದು, ಇವು ದೊಡ್ಡ ತ್ಯಾಗಗಳೇನೂ ಅಲ್ಲ. ಹೊಸದಾಗಿ ಜೋಡಿಸಿದ ದಿನವೇ ನೆರೆಮನೆಗೆ ಹೋಗಿ, ಅಲ್ಲಿ ನಿಂತು ಒಮ್ಮೆ ಕೇಳಿಬರುವುದು ಎಲ್ಲಕ್ಕಿಂತ ಮೇಲಾದ ಪರೀಕ್ಷೆ.

ಸಬ್‌ವೂಫರ್ ಇದೆಯೆಂಬುದು ಅದನ್ನು ಆರಿಸಿದಾಗ ಮಾತ್ರ ತಿಳಿಯಬೇಕು. ಇದ್ದಾಗಲೇ ಎದ್ದು ತೋರುವ ಮಂದ್ರವು ಹೆಚ್ಚಾದ ಉಪ್ಪಿನಂತೆ. ಅಡಿಗೆಯನ್ನು ಬಲ್ಲ ನಮ್ಮ ವಾಚಕರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾದುದಿಲ್ಲ.