ಯಾವ ವರ್ಷಕ್ಕೆ ರೋಲ್‌ಬ್ಯಾಕ್?

ಹಳೇ ಕಟ್ಟಡ ದುರಸ್ತಿ ಮಾಡ್ತೀವಿ ಅಂದ ಕೂಡಲೇ ನಾವು ಚಪ್ಪಾಳೆ ತಟ್ಟುತ್ತೇವೆ. ಯಾವ ವರ್ಷಕ್ಕೆ ವಾಪಸ್ ಒಯ್ತೀರಿ ಅಂತ ಮಾತ್ರ ಕೇಳೋದಿಲ್ಲ. ಕೋಡ್ ರೋಲ್‌ಬ್ಯಾಕ್ ಮಾಡುವಾಗ ಯಾವ ವರ್ಶನ್‌ಗೆ ಅಂತ ಹತ್ತು ಸಲ ಖಾತ್ರಿ ಮಾಡಿಕೊಳ್ಳುವ ನಾವು, ಇತಿಹಾಸದ ವಿಷಯದಲ್ಲಿ ತೆಪ್ಪಗಿರುತ್ತೇವೆ.

ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಳೇ ದೋಣಿಮನೆಯನ್ನೇ ತಗೊಳ್ಳಿ. ಮಾಂಟ್‌ಲೇಕ್ ಕಾಲುವೆ ಪಕ್ಕದ ಈ ಮರದ ಶೆಡ್ಡನ್ನು 1918ರಲ್ಲಿ ಅಮೆರಿಕದ ನೌಕಾಪಡೆ ಕಟ್ಟಿಸಿದ್ದು ದೋಣಿಗಲ್ಲ, ನೀರಿನ ಮೇಲೆ ಇಳಿಯುವ ವಿಮಾನಗಳಿಗೆ. ಅದೇ ವರ್ಷ ಯುದ್ಧ ಮುಗಿಯಿತು, ಶೆಡ್ಡು ರೋಯಿಂಗ್ ಹುಡುಗರ ಪಾಲಾಯಿತು. ಅಟ್ಟದಲ್ಲಿ ಇಂಗ್ಲೆಂಡಿನಿಂದ ಬಂದ ಜಾರ್ಜ್ ಪೋಕಾಕ್ ಸೀಡರ್ ಮರದ ರೇಸಿನ ದೋಣಿ ಕಟ್ಟುತ್ತಿದ್ದರು. ಅವರ ದೋಣಿಯಲ್ಲೇ ಇಲ್ಲಿನ ಹುಡುಗರು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ಹಿಟ್ಲರನ ಕಣ್ಣೆದುರು, ಇಟಲಿಗಿಂತ 0.6 ಸೆಕೆಂಡ್ ಮುಂದೆ ಬಂದು ಚಿನ್ನ ಗೆದ್ದರು. 1949ರಲ್ಲಿ ತಂಡ ಹೊಸ ದೋಣಿಮನೆಗೆ ಹೋಯಿತು. 2013ರಲ್ಲಿ ಪುಸ್ತಕ, 2023ರಲ್ಲಿ ಜಾರ್ಜ್ ಕ್ಲೂನಿ ನಿರ್ದೇಶನದ ಸಿನಿಮಾ ಬಂದ ಮೇಲೆ ಹಳೇ ಶೆಡ್ಡು ಎಲ್ಲರಿಗೂ ಬೇಕಾಯಿತು.

ಉಳಿಯಲಿ, ಉಳಿಯಲೇಬೇಕು. ಆದರೆ ಆ ಸಿನಿಮಾದ ದೋಣಿಮನೆ ಇಂಗ್ಲೆಂಡಿನಲ್ಲಿ ಹಾಕಿದ ಸೆಟ್ಟು. ಅಸಲಿ ಕಟ್ಟಡವನ್ನೂ ನಾವು ಸೆಟ್ಟಿನ ಹಾಗೇ ನೋಡಿ ಬರೋದಾದರೆ ದುರಸ್ತಿ ಯಾಕೆ?

1936ಕ್ಕೆ ನಿಂತುಬಿಟ್ಟರೆ ಏನು ಅಳಿಸಿಹೋಗುತ್ತೆ ಗೊತ್ತಾ? ಆ ಕಾಲುವೆಯ ಕಥೆ. ಮೊದಲು ಅಲ್ಲಿದ್ದದ್ದು ಎರಡು ಸರೋವರಗಳ ನಡುವಿನ ನೆಲ. ಮೂಲನಿವಾಸಿಗಳು ದೋಣಿ ಹೊತ್ತು ದಾಟುತ್ತಿದ್ದರು. ಅವರ ಭಾಷೆಯಲ್ಲಿ ಆ ಜಾಗದ ಹೆಸರಿನ ಅರ್ಥವೇ ದೋಣಿ ಹೊರುವುದು ಅಂತ. 1916ರಲ್ಲಿ ಕಾಲುವೆ ತೆರೆದಾಗ ಲೇಕ್ ವಾಷಿಂಗ್ಟನ್ನಿನ ನೀರು ಸುಮಾರು 9 ಅಡಿ ಇಳಿಯಿತು. ಅದರ ದಕ್ಷಿಣ ತುದಿಯಿಂದ ಹರಿಯುತ್ತಿದ್ದ ಬ್ಲ್ಯಾಕ್ ನದಿ ಬತ್ತಿಹೋಯಿತು. ಆ ದಡದಲ್ಲಿ ಡುವಾಮಿಷ್ ಜನರ ಊರುಗಳಿದ್ದವು, ನೀರಿನಲ್ಲಿ ಸಾಲ್ಮನ್ ಮೀನುಗಳಿದ್ದವು. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರನ್ನು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಯಾರದೋ ಹಳ್ಳ ಒಣಗುತ್ತೆ.

‘ಇದೆಲ್ಲಾ ಹೇಳಿದ್ರೆ ಯಾರ್ ಬರ್ತಾರೆ? ಜನಕ್ಕೆ ಗೆದ್ದ ಕಥೆ ಬೇಕು’ ಅಂತೀರಾ? ದೋಣಿ ಹೊತ್ತವರ ವಿಷಯವನ್ನು ವಿಶ್ವವಿದ್ಯಾಲಯವೇ ಮುಚ್ಚಿಟ್ಟಿಲ್ಲ. ಕೇಳಿಸಿಕೊಳ್ಳದವರು ಸಿನಿಮಾ ನೋಡಿ, ಸೆಲ್ಫಿ ತೆಗೆದುಕೊಂಡು ಬರುವ ನಾವು. ಕೆಲಸದಲ್ಲಿ ಯಾರಾದರೂ ತನಗೆ ಮುಜುಗರ ತರುವ ಕಮಿಟ್ ಅಳಿಸಿದರೆ ರಂಪ ಮಾಡುತ್ತೇವೆ. ಇಲ್ಲಿ ಇಡೀ ಒಂದು ನದಿಯೇ ಲಾಗ್‌ನಿಂದ ಮಾಯವಾದರೂ ಸುಮ್ಮನಿದ್ದೇವೆ.

ಗೋಡೆಯ ಮೇಲೆ ಚಿನ್ನ ಗೆದ್ದವರ ಫೋಟೋ ಇರಲಿ. ಅಟ್ಟದಲ್ಲಿ ಪೋಕಾಕರ ಉಳಿ, ಉಜ್ಜುಗೊರಡಿನ ನೆನಪಿರಲಿ. ಬಾಗಿಲಲ್ಲೇ, ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವಂತೆ, ಬತ್ತಿದ ಬ್ಲ್ಯಾಕ್ ನದಿಯ ನಕ್ಷೆ ಇರಲಿ.